ಗರಗರ ಸದ್ದನ್ನು ಸೋಲಿಸಿದ ಆರ್ಮ್‌ಸ್ಟ್ರಾಂಗ್



ಆರ್ಮ್‌ಸ್ಟ್ರಾಂಗ್ ಅಂದ ಕೂಡಲೇ ನಿಮಗೆಲ್ಲ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ನೆನಪಾಗ್ತಾರೆ. ಇದು ಅವರ ಕಥೆ ಅಲ್ಲ. ಇವರು ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್. ಇವರು ಚಂದ್ರನಿಗೆ ಹೋಗಲಿಲ್ಲ, ಕಂಬ ಹತ್ತಿದರು. ಮೈಸೂರು ರಸ್ತೆಯಲ್ಲಿ ನಿಂತ ಟ್ರಾಫಿಕ್ ಪೊಲೀಸರ ಹೆಗಲ ಮೇಲಿನ ವಾಕಿ-ಟಾಕಿ, ಹೊಯ್ಸಳ ಗಾಡಿಯೊಳಗಿನ ವೈರ್‌ಲೆಸ್ ಸೆಟ್ಟು, ಆ ಮಾತುಗಳನ್ನು ಹುಡುಕಿ ಹಿಡಿಯುವ ಕೈಯಗಲದ ಸ್ಕ್ಯಾನರ್, ಮನೆಯಲ್ಲಿ ಅಮ್ಮ ಹಚ್ಚುವ ಎಫ್.ಎಂ. ರೇಡಿಯೋ, ಈ ಎಲ್ಲದರ ಹೊಟ್ಟೆಯಲ್ಲೂ ಇವರ ತಲೆಯಿಂದ ಬಂದ ಒಂದಾದರೂ ಉಪಾಯ ಕೂತಿದೆ.

ಎಡ್ವಿನ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ತಾಯಿ ಶಾಲೆಯಲ್ಲಿ ಪಾಠ ಹೇಳಿದವರು. ತಂದೆ ಆಕ್ಸ್‌ಫರ್ಡ್ ಪುಸ್ತಕ ಪ್ರಕಾಶನದ ಅಮೆರಿಕ ಶಾಖೆಯಲ್ಲಿ ಕೆಲಸದಲ್ಲಿದ್ದರು. ಹುಡುಗನಿಗೆ ಚಿಕ್ಕ ವಯಸ್ಸಿನಲ್ಲೇ ಒಂದು ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಆದರೆ ಭುಜ ಮತ್ತು ಬಾಯಿ ತಾವಾಗಿಯೇ ಅದುರುವುದು ಉಳಿದುಬಿಟ್ಟಿತು. ಕೊನೇವರೆಗೂ ಹೋಗಲಿಲ್ಲ. ಬಹಳ ದಿನ ಶಾಲೆಗೆ ಹೋಗದೆ ಮನೆಯಲ್ಲೇ ಇರಬೇಕಾಯಿತು. ಕುಟುಂಬ ಹಡ್ಸನ್ ನದಿ ದಂಡೆಯ ಯಾಂಕರ್ಸ್ ಎಂಬ ಊರಿಗೆ ಬಂದು ನೆಲೆಸಿತು.

ತಂದೆ ಲಂಡನ್ನಿಗೆ ಹೋದಾಗ ಹೊಸ ಹೊಸ ಶೋಧಗಳ ಬಗ್ಗೆ ಮಕ್ಕಳಿಗೆ ಬರೆದ ಪುಸ್ತಕ ತಂದುಕೊಟ್ಟರು. ಅದರಲ್ಲಿ ಮಾರ್ಕೋನಿಯ ಕಥೆ ಓದಿದ ಹುಡುಗ ಅಲ್ಲಿಂದ ಬೇರೆ ಯಾವುದಕ್ಕೂ ಮನಸ್ಸು ಕೊಡಲಿಲ್ಲ. ಅಟ್ಟದ ಕೋಣೆ ತುಂಬ ತಂತಿ, ಸುರುಳಿ, ಬ್ಯಾಟರಿ. ಆ ಕಾಲದಲ್ಲಿ ವೈರ್‌ಲೆಸ್ ಅಂದರೆ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಉಸಿರು ಬಿಗಿಹಿಡಿದು ಕೇಳಬೇಕಿತ್ತು. ಮನೆಯಲ್ಲಿ ಯಾರಾದರೂ ಬಾಗಿಲು ಹಾಕಿದರೂ ಸಾಕು, ಸದ್ದು ತಪ್ಪಿಹೋಗುತ್ತಿತ್ತು. ದೂರದ ಸದ್ದು ಇನ್ನೂ ಚೆನ್ನಾಗಿ ಕೇಳಬೇಕು ಅಂತ ಎಡ್ವಿನ್ ಹಿತ್ತಲಿನಲ್ಲಿ ತಾನೇ ಕೈಯಾರೆ 125 ಅಡಿ ಎತ್ತರದ ಕಂಬ ನಿಲ್ಲಿಸಿದ. ನಮ್ಮೂರ ತೆಂಗಿನಮರ ಎರಡನ್ನು ಒಂದರ ಮೇಲೊಂದು ಇಟ್ಟ ಹಾಗೆ! ಹಗ್ಗಕ್ಕೆ ಮಣೆ ಕಟ್ಟಿ, ಅದರಲ್ಲಿ ಕೂತು ಮೇಲೇರುತ್ತಿದ್ದ. ಅಕ್ಕಪಕ್ಕದವರು ಗಾಬರಿಯಾಗಿ ಮನೆಯವರಿಗೆ ಹೇಳುತ್ತಿದ್ದರಂತೆ. (ನೀವು ಯಾರೂ ಇದನ್ನು ಮಾಡಬೇಡಿ. ನಮ್ಮಲ್ಲಿ ಮಾಳಿಗೆ ಪಕ್ಕದಲ್ಲೇ ಕರೆಂಟು ತಂತಿ ಇರುತ್ತೆ.)

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಎಡ್ವಿನ್ ದಿನಾ ಕೆಂಪು ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಆಗ ಲೀ ಡಿ ಫಾರೆಸ್ಟ್ ಎಂಬುವರು ಮೂರು ತಂತಿಮೂಲೆಯ ಒಂದು ಗಾಜಿನ ವಾಲ್ವ್ ಮಾಡಿದ್ದರು. ಅದು ಹೇಗೆ ಕೆಲಸ ಮಾಡುತ್ತೆ ಅಂತ ಮಾಡಿದವರಿಗೇ ಸರಿಯಾಗಿ ತಿಳಿದಿರಲಿಲ್ಲ. ಎಡ್ವಿನ್ ಅದನ್ನು ಕೂಲಂಕಷವಾಗಿ ಅಳೆದು ನೋಡಿದರು. 1912ರಲ್ಲಿ ಅವರಿಗೆ ಒಂದು ಉಪಾಯ ಹೊಳೆಯಿತು. ವಾಲ್ವಿನಿಂದ ಹೊರಬಂದ ಸದ್ದಿನ ಒಂದು ಪಾಲನ್ನು ಮತ್ತೆ ಅದೇ ವಾಲ್ವಿನ ಬಾಯಿಗೆ ಕೊಡುವುದು. ಅದು ಹಿಗ್ಗುತ್ತೆ, ಮತ್ತೆ ಒಳಗೆ ಹೋಗುತ್ತೆ, ಇನ್ನೂ ಹಿಗ್ಗುತ್ತೆ. ಪಿಸುಮಾತಿನ ಹಾಗಿದ್ದ ಸಿಗ್ನಲ್ಲು ಕೋಣೆ ತುಂಬ ಕೇಳಿಸಿತು. ಇನ್ನೂ ಹೆಚ್ಚು ತಿರುಗಿಸಿದರೆ ವಾಲ್ವು ತಾನೇ ಅಲೆಗಳನ್ನು ಹುಟ್ಟಿಸತೊಡಗಿತು. ಅಂದರೆ ಅದೇ ಜೋಡಣೆ ಕೇಳುವ ಯಂತ್ರವೂ ಆಯಿತು, ಕಳಿಸುವ ಯಂತ್ರವೂ ಆಯಿತು. ಆಗ ಅವರಿಗೆ 21 ವರ್ಷ, ಇನ್ನೂ ವಿದ್ಯಾರ್ಥಿ.

ಪೇಟೆಂಟಿಗೆ ದುಡ್ಡು ಬೇಕು. ಮೊದಲು ಡಿಗ್ರಿ ಮುಗಿಸು ಅನ್ನೋದು ತಂದೆಯ ಹಟ, ಹಣ ಕೊಡಲಿಲ್ಲ. ಎಡ್ವಿನ್ ಮೋಟಾರ್ ಸೈಕಲ್ ಮಾರಿದರು. ಅದೂ ಸಾಲಲಿಲ್ಲ. 1913ರ ಜನವರಿ 31ರಂದು ನಕ್ಷೆಗೆ ನೋಟರಿಯವರ ಸಹಿ ಹಾಕಿಸಿ ಇಟ್ಟುಕೊಂಡರು. ಪೇಟೆಂಟಿನ ಅರ್ಜಿ ಹೋಗಿದ್ದು ಅಕ್ಟೋಬರಿನಲ್ಲಿ. ಈ ತಡ ಮುಂದೆ ಬಹಳ ದುಬಾರಿಯಾಯಿತು.

1914ರ ಜನವರಿ ಕೊನೆಯಲ್ಲಿ, ಕಡು ಚಳಿಯ ರಾತ್ರಿ, ಸಮುದ್ರ ತೀರದ ಬೆಲ್ಮಾರ್ ಎಂಬಲ್ಲಿ ಮಾರ್ಕೋನಿ ಕಂಪನಿಯ ಗುಡಿಸಲಿನಂಥ ಕೋಣೆಯಲ್ಲಿ ಎಡ್ವಿನ್ ತಮ್ಮ ಪೆಟ್ಟಿಗೆ ಇಟ್ಟು ಕೇಳಿಸಿದರು. ಅತ್ತ ಐರ್ಲೆಂಡಿನ ಸ್ಟೇಷನ್ನು, ಇತ್ತ ಸಾವಿರಾರು ಮೈಲಿ ದೂರದ ಹವಾಯಿ ದ್ವೀಪದ ಹೊನೊಲುಲು ಎರಡೂ ಸಿಕ್ಕವು. ಪಕ್ಕದಲ್ಲಿ ಕೂತು ಕೇಳಿದವರು ಡೇವಿಡ್ ಸಾರ್ನಾಫ್ ಎಂಬ ತರುಣ. ಅವತ್ತು ಇಬ್ಬರೂ ಗೆಳೆಯರಾದರು. ಈ ಹೆಸರು ನೆನಪಿಟ್ಟುಕೊಳ್ಳಿ.

ಮೊದಲ ಮಹಾಯುದ್ಧ ಬಂತು. ಎಡ್ವಿನ್ ಸೈನ್ಯದ ಸಿಗ್ನಲ್ ವಿಭಾಗ ಸೇರಿ ಪ್ಯಾರಿಸ್ಸಿಗೆ ಹೋದರು. ಹೆಚ್ಚು ಕಂಪನದ ಅಲೆಗಳನ್ನು ಹಿಗ್ಗಿಸಲು ಆಗಿನ ವಾಲ್ವುಗಳಿಗೆ ಶಕ್ತಿ ಇರಲಿಲ್ಲ. 1918ರಲ್ಲಿ ಅವರು ಮಾಡಿದ್ದು ಬುದ್ಧಿವಂತರ ಕೆಲಸ. ಸೆಟ್ಟಿನೊಳಗೇ ಒಂದು ಸಣ್ಣ ಅಲೆ ಹುಟ್ಟಿಸಿ, ಹೊರಗಿಂದ ಬಂದ ಅಲೆಯ ಜೊತೆ ಬೆರೆಸಿ, ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಂಡರು. ಯಾವ ಸ್ಟೇಷನ್ ಬಂದರೂ ಅದು ಇಳಿದು ಒಂದೇ ಕಂಪನಕ್ಕೆ ಬರುತ್ತೆ. ಬಸ್ ಸ್ಟ್ಯಾಂಡಿನಲ್ಲಿ ಮಾಗಡಿ ಬಸ್ಸು ಬರಲಿ, ರಾಮನಗರದ ಬಸ್ಸು ಬರಲಿ, ಎಲ್ಲವನ್ನೂ ಒಂದೇ ಪ್ಲಾಟ್‌ಫಾರಮ್ಮಿಗೆ ತಂದು ನಿಲ್ಲಿಸಿದರೆ ಇಳಿಸಿಕೊಳ್ಳುವವರಿಗೆ ಸುಲಭ ಅಲ್ವಾ? ಹಾಗೆ. ಇದಕ್ಕೆ ಸೂಪರ್‌ಹೆಟರೊಡೈನ್ ಅಂತ ಹೆಸರು. ಫ್ರಾನ್ಸಿನ ಲೂಸಿಯನ್ ಲೆವಿ ಎಂಬುವರಿಗೂ ಇದೇ ವಿಚಾರ ಹೊಳೆದಿತ್ತು, ಅದರ ಮೇಲೂ ವ್ಯಾಜ್ಯ ನಡೆಯಿತು. ಆದರೆ ಕೆಲಸ ಮಾಡುವ ಸೆಟ್ಟಾಗಿ ಅದನ್ನು ಜನರ ಕೈಗೆ ಮುಟ್ಟಿಸಿದ್ದು ಆರ್ಮ್‌ಸ್ಟ್ರಾಂಗ್.

ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ನೋಡಿದವರು ಇಲ್ಲಿ ಒಂದು ನಿಮಿಷ ನಿಲ್ಲಿ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಚಾನೆಲ್ ಹಾರಿ ಹಾರಿ ನೋಡುತ್ತೆ, ಮಾತು ಸಿಕ್ಕಿದ ಕಡೆ ನಿಲ್ಲುತ್ತೆ. ಅದು ಸಾಧ್ಯವಾಗಿರುವುದು ಒಳಗಿನ ಆ ಸಣ್ಣ ಅಲೆಯನ್ನು ಬದಲಿಸಿದರೆ ಸಾಕು ಎಂಬುದರಿಂದ. ಉಳಿದ ಯಂತ್ರ ಇದ್ದ ಹಾಗೇ ಇರುತ್ತೆ. 1918ರ ಪ್ಯಾರಿಸ್ ಉಪಾಯ ಇಲ್ಲದೆ ಸ್ಕ್ಯಾನರ್ ಇಲ್ಲ.

ಯುದ್ಧದಿಂದ ಮೇಜರ್ ಆಗಿ ವಾಪಸ್ ಬಂದರು. ಇನ್ನೊಂದು ಶೋಧಕ್ಕೆ ಆರ್.ಸಿ.ಎ. ಕಂಪನಿ ಹಣವನ್ನೂ 60,000 ಷೇರುಗಳನ್ನೂ ಕೊಟ್ಟಿತು. ಶ್ರೀಮಂತರಾದರು. ಆ ಕಂಪನಿಯಲ್ಲಿ ಮೇಲೇರುತ್ತಿದ್ದವರು ಅದೇ ಸಾರ್ನಾಫ್. ಅವರ ಕಾರ್ಯದರ್ಶಿ ಮೇರಿಯನ್ ಮ್ಯಾಕಿನ್ನಿಸ್ ಎಂಬುವರನ್ನು ಎಡ್ವಿನ್ ಮೆಚ್ಚಿದರು. 1923ರಲ್ಲಿ ಒಂದು ದಿನ ನ್ಯೂಯಾರ್ಕಿನ ಕಟ್ಟಡದ ಮೇಲಿನ ರೇಡಿಯೋ ಗೋಪುರದ ತುದಿಗೆ ಹತ್ತಿ, ಅಲ್ಲಿದ್ದ ಗುಂಡಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಅದನ್ನು ಮೇರಿಯನ್ನರಿಗೆ ಕಳಿಸಿದರು. ಸಾರ್ನಾಫ್ ಸಿಟ್ಟಾಗಿ ಗೋಪುರದ ಕಡೆ ಕಾಲಿಡಕೂಡದು ಅಂತ ಹುಕುಂ ಮಾಡಿದರು. ಮದುವೆ ಮಾತ್ರ ಅದೇ ವರ್ಷ ಡಿಸೆಂಬರಿನಲ್ಲಿ ಆಯಿತು. ಮದುಮಗ ಕೊಟ್ಟ ಉಡುಗೊರೆ ಯಾವುದು ಗೊತ್ತೇ? ಎತ್ತಿಕೊಂಡು ಹೋಗಬಹುದಾದ ಸೂಪರ್‌ಹೆಟರೊಡೈನ್ ರೇಡಿಯೋ, ಆ ಬಗೆಯಲ್ಲಿ ಮೊತ್ತಮೊದಲನೆಯದು.

ಈಗ ಮುಖ್ಯ ಕಥೆಗೆ ಬರೋಣ. ಮಳೆಗಾಲದಲ್ಲಿ ಹಳೇ ರೇಡಿಯೋದಲ್ಲಿ ಮೀಡಿಯಂ ವೇವ್ ಹಚ್ಚಿ ನೋಡಿ. ಮಿಂಚಿದಾಗಲೆಲ್ಲ ಕರಕರ ಅನ್ನುತ್ತೆ. ಪಕ್ಕದಲ್ಲಿ ಮಿಕ್ಸಿ ಓಡಿದರೆ ಗರಗರ. ಯಾಕೆ? ಆ ಪದ್ಧತಿಯಲ್ಲಿ ಮಾತು ಕೂತಿರೋದು ಅಲೆಯ ಎತ್ತರದ ಏರಿಳಿತದಲ್ಲಿ. ಮಿಂಚು, ಮೋಟಾರಿನ ಕಿಡಿ ಎಲ್ಲವೂ ಅದೇ ಎತ್ತರವನ್ನು ಕೆಡಿಸುತ್ತವೆ. ಮಾತು ಯಾವುದು ಕಸ ಯಾವುದು ಅಂತ ಸೆಟ್ಟಿಗೆ ಗೊತ್ತಾಗಲ್ಲ. ಎಲ್ಲರೂ ಸ್ಟೇಷನ್ನಿನ ಶಕ್ತಿ ಹೆಚ್ಚಿಸಿ ಕಿರುಚಿಸುವ ದಾರಿ ಹಿಡಿದಿದ್ದರು. ಆರ್ಮ್‌ಸ್ಟ್ರಾಂಗ್ ಬೇರೆ ದಾರಿ ಹಿಡಿದರು. ಮಾತನ್ನು ಅಲೆಯ ಎತ್ತರದಲ್ಲಿ ಇಡದೆ ಕಂಪನದ ವೇಗದಲ್ಲಿ ಇಟ್ಟರು. ಸೆಟ್ಟಿನಲ್ಲಿ ಎತ್ತರವನ್ನೆಲ್ಲ ಕತ್ತರಿಯಿಂದ ಸಮ ಮಾಡಿದ ಹಾಗೆ ಕತ್ತರಿಸಿ ಎಸೆದರು. ಕಸ ಕತ್ತರಿಯ ಜೊತೆ ಹೋಯಿತು, ಮಾತು ಉಳಿಯಿತು. ಇದೇ ಎಫ್.ಎಂ. ಈ ವಿಚಾರ ಮೊದಲೂ ಇತ್ತು, ಆದರೆ ದೊಡ್ಡ ಗಣಿತ ಬಲ್ಲವರು ಇದರಿಂದ ಪ್ರಯೋಜನ ಇಲ್ಲ ಅಂತ ಲೆಕ್ಕ ಹಾಕಿ ತೋರಿಸಿದ್ದರು. ಅವರ ಲೆಕ್ಕ ತಪ್ಪಿರಲಿಲ್ಲ. ಅವರು ಸಣ್ಣ ಓಣಿಯಲ್ಲಿ ಗಾಡಿ ಓಡಿಸುವ ಲೆಕ್ಕ ಹಾಕಿದ್ದರು, ಇವರು ಓಣಿಯನ್ನೇ ಅಗಲ ಮಾಡಿದರು. 1933ರ ಡಿಸೆಂಬರ್ 26ರಂದು ಪೇಟೆಂಟುಗಳು ಸಿಕ್ಕವು.

1934ರಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದಿಂದ ಪರೀಕ್ಷೆ ನಡೆಯಿತು. ಕೇಳುವ ಸೆಟ್ಟು ಇದ್ದದ್ದು 100 ಕಿ.ಮೀ.ಗೂ ಹೆಚ್ಚು ದೂರದಲ್ಲಿ. ಕೆಂಗೇರಿಯಿಂದ ಶ್ರೀರಂಗಪಟ್ಟಣ ಇದ್ದ ಹಾಗೆ ಅಂದುಕೊಳ್ಳಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಹಳೇ ಪದ್ಧತಿ ಸೆಟ್ಟು ಬರೀ ಗದ್ದಲ, ಹೊಸದರಲ್ಲಿ ಸಂಗೀತ ತಿಳಿಯಾಗಿ ಬಂತು. ಆದರೂ ಮರುವರ್ಷ ಸಾರ್ನಾಫ್ ಕಂಪನಿ ಅವರ ಯಂತ್ರಗಳನ್ನು ಅಲ್ಲಿಂದ ತೆಗೆಯಲು ಹೇಳಿತು. ಕಂಪನಿ ಹಣ ಹಾಕಿದ್ದು ಹಳೇ ರೇಡಿಯೋದಲ್ಲಿ ಮತ್ತು ಬರಲಿದ್ದ ಟೆಲಿವಿಷನ್ನಿನಲ್ಲಿ. ಹೊಸದನ್ನು ತಂದು ಇದ್ದ ಅಂಗಡಿ ಕೆಡಿಸಿಕೊಳ್ಳೋದು ಬೇಡ ಅನ್ನಿಸಿರಬೇಕು.

1935ರ ನವೆಂಬರ್ ಮೊದಲ ವಾರ ಎಂಜಿನಿಯರುಗಳ ಸಭೆಯಲ್ಲಿ ಆರ್ಮ್‌ಸ್ಟ್ರಾಂಗ್ ಎಲ್ಲರ ಎದುರು ಎಫ್.ಎಂ. ಕೇಳಿಸಿದರು. ಯಾಂಕರ್ಸಿನ ಗೆಳೆಯರ ಹವ್ಯಾಸಿ ಸ್ಟೇಷನ್ನಿನಲ್ಲಿ ಲೋಟಕ್ಕೆ ನೀರು ಸುರಿದರು, ಕಾಗದ ಹರಿದರು. ಸಭೆಯಲ್ಲಿ ಕೂತವರಿಗೆ ಅದು ಪಕ್ಕದ ಕುರ್ಚಿಯಲ್ಲೇ ಆದ ಹಾಗೆ ಕೇಳಿತು. ಇದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, ಸೆಪ್ಟೆಂಬರ್ 10ರಂದು, ನಮ್ಮ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟ್‌ನ ಸಣ್ಣ ಪ್ರೇಷಕ ಇಟ್ಟು ಬಾನುಲಿ ಶುರು ಮಾಡಿದ್ದರು. ಆಕಾಶವಾಣಿ ಎಂಬ ಹೆಸರು ಬಂದಿದ್ದು ಅಲ್ಲಿಂದ. 30 ವಾಟ್ ಅಂದರೆ ಒಂದು ಮಂದ ಬಲ್ಬಿನಷ್ಟು! ಅದೂ ಹಳೇ ಪದ್ಧತಿಯದೇ. ಮೈಸೂರಿನವರು ಕರಕರದ ನಡುವೆ ಕಿವಿಗೊಟ್ಟು ಕೇಳುತ್ತಿದ್ದ ದಿನಗಳಲ್ಲೇ ಅದರ ಮದ್ದು ಭೂಮಿಯ ಆಚೆ ಬದಿಯಲ್ಲಿ ತಯಾರಾಗಿತ್ತು ಅನ್ನೋದು ನನಗೆ ಸೋಜಿಗ. ನಮ್ಮ ದೇಶಕ್ಕೆ ಎಫ್.ಎಂ. ಬರಲು 1977 ಆಯಿತು, ಮದ್ರಾಸಿನಲ್ಲಿ. ಖಾಸಗಿ ಎಫ್.ಎಂ. ದೇಶದಲ್ಲೇ ಮೊದಲು ಶುರುವಾಗಿದ್ದು ಬೆಂಗಳೂರಿನಲ್ಲಿ, 2001ರ ಜುಲೈಯಲ್ಲಿ.

ಪೊಲೀಸರ ವಿಷಯಕ್ಕೆ ಬರೋಣ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಗಾಡಿಯಲ್ಲಿ ರೇಡಿಯೋ ಇಟ್ಟಾಗ ಅದರಲ್ಲಿ ಕೇಳಬಹುದಿತ್ತೇ ಹೊರತು ವಾಪಸ್ ಮಾತಾಡಲು ಆಗುತ್ತಿರಲಿಲ್ಲ. ಆಮೇಲೆ ಎರಡೂ ಕಡೆ ಮಾತಾಡುವ ಸೆಟ್ಟು ಬಂತು, ಆದರೆ ಗಾಡಿ ಎಂಜಿನ್ನಿನ ಕಿಡಿಯೇ ಮಾತನ್ನು ತಿಂದುಹಾಕುತ್ತಿತ್ತು. ಸಹಾಯಕ್ಕೆ ಕೂಗಿದ ಪೊಲೀಸಿನವನ ಮಾತು ಅರ್ಧ ಕೇಳಿ ಅರ್ಧ ಕೇಳದಿದ್ದರೆ ಪ್ರಾಣಕ್ಕೇ ಸಂಚಕಾರ. 1940ರ ಹೊತ್ತಿಗೆ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗೆ ಡೇನಿಯಲ್ ನೋಬಲ್ ಎಂಬ ಪ್ರೊಫೆಸರ್ ಎಫ್.ಎಂ. ಏರ್ಪಾಡು ಮಾಡಿಕೊಟ್ಟರು. ಇಡೀ ರಾಜ್ಯಕ್ಕೆ ಹರಡಿದ ಮೊದಲ ಎಫ್.ಎಂ. ಪೊಲೀಸ್ ವೈರ್‌ಲೆಸ್ ಅದು. ಅದೇ ನೋಬಲ್ ಮೊಟೊರೊಲಾ ಎಂದು ನಾವು ಕರೆಯುವ ಕಂಪನಿಗೆ ಹೋಗಿ, ಎರಡನೇ ಮಹಾಯುದ್ಧಕ್ಕೆ ಬೆನ್ನ ಮೇಲೆ ಹೊರುವ ಎಫ್.ಎಂ. ವಾಕಿ-ಟಾಕಿ ಮಾಡಿಸಿದರು. ಯುದ್ಧ ಮುಗಿಯುವವರೆಗೆ ಸೈನ್ಯ ತಮ್ಮ ಪೇಟೆಂಟುಗಳನ್ನು ಹಣ ಕೊಡದೆ ಬಳಸಲಿ ಅಂತ ಆರ್ಮ್‌ಸ್ಟ್ರಾಂಗ್ ಬಿಟ್ಟುಕೊಟ್ಟರು.

ಕೈ ಸೆಟ್ಟಿನಲ್ಲಿ ಮಾತು ಯಾಕೆ ಒಮ್ಮೆ ಸ್ವಚ್ಛ, ಒಮ್ಮೆ ಪೂರ್ತಿ ಇಲ್ಲ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಅದೂ ಎಫ್.ಎಂ. ಗುಣವೇ. ಸಿಗ್ನಲ್ಲು ಒಂದು ಮಟ್ಟಕ್ಕಿಂತ ಮೇಲಿದ್ದರೆ ಗದ್ದಲ ಮಾಯ, ಆ ಗೆರೆಯಿಂದ ಸ್ವಲ್ಪ ಕೆಳಗಿಳಿದರೆ ಮಾತೇ ಮಾಯ. ಆದ್ದರಿಂದ ಎರಡು ಹೆಜ್ಜೆ ಸರಿದರೂ, ಸೆಟ್ಟನ್ನು ಒಂದು ಮೊಳ ಮೇಲೆತ್ತಿದರೂ ಕೆಲವೊಮ್ಮೆ ಸರಿಹೋಗುತ್ತೆ. ಈ ಅಲೆಗಳು ಬಹುಪಾಲು ನೇರ ಹೋಗುತ್ತವೆ, ಗುಡ್ಡ, ಕಟ್ಟಡ ಅಡ್ಡ ಬಂದರೆ ನೆರಳು ಬೀಳುತ್ತೆ. ಕೆಂಗೇರಿ ಹತ್ತಿರ ವೃಷಭಾವತಿ ಹರಿಯುವ ತಗ್ಗಿನಲ್ಲಿ ಒಂದು ಥರ, ದಿಣ್ಣೆ ಮೇಲೆ ಇನ್ನೊಂದು ಥರ. ವಿಜಯನಗರದಲ್ಲಿ ಕಾಂಕ್ರೀಟ್ ಮನೆಗಳ ನಡುವಿನ ಕೆಳಗಿನ ಕೋಣೆಗೂ ಅದೇ ಮನೆಯ ತಾರಸಿಗೂ ಅಜಗಜಾಂತರ. ಕೈ ಸೆಟ್ಟಿನ ಗಿಡ್ಡ ರಬ್ಬರ್ ಆಂಟೆನಾ ಜೇಬಿಗೆ ಅನುಕೂಲ, ಕಿವಿಗೆ ಅಲ್ಲ. 150 ಮೆಗಾಹರ್ಟ್ಸಿನ ಅಲೆಯ ಉದ್ದ 2 ಮೀಟರ್, ಅದರ ಕಾಲು ಭಾಗ 50 ಸೆಂ.ಮೀ. ಅಷ್ಟು ಉದ್ದದ ಕಡ್ಡಿ ರಬ್ಬರಿಗಿಂತ ಚೆನ್ನಾಗಿ ಹಿಡಿಯುತ್ತೆ. ಕಳಿಸುವ ಗಾಡಿಯ ಆಂಟೆನಾ ನೆಟ್ಟಗೆ ನಿಂತಿರುತ್ತೆ, ಅದಕ್ಕೆ ಕೇಳುವವರದೂ ನೆಟ್ಟಗೇ ಇರಬೇಕು, ಮಲಗಿಸಬಾರದು. ತಾರಸಿ ಮೇಲೆ ಆಂಟೆನಾ ಇಟ್ಟು ತೆಳ್ಳನೆಯ ಉದ್ದ ಕೇಬಲ್ ಎಳೆದರೆ ಮೇಲೆ ಗಳಿಸಿದ್ದು ದಾರಿಯಲ್ಲೇ ಸೋರಿಹೋಗುತ್ತೆ. ಇನ್ನೊಂದು ವಿಚಿತ್ರ: ರಾಜಾಜಿನಗರ, ಬಸವೇಶ್ವರನಗರದ ತಾರಸಿಗಳ ಮೇಲೆ ಮೊಬೈಲ್ ಟವರುಗಳಿರುತ್ತವೆ. ಅಲ್ಲಿ ಬಲು ದೊಡ್ಡ ಆಂಟೆನಾ ಹಾಕಿದರೆ ಸಾಧಾರಣ ಸೆಟ್ಟು ಬೇಡದ್ದನ್ನೆಲ್ಲ ಕುಡಿದು ಕಿವುಡಾಗುತ್ತೆ.

ಇದೆಲ್ಲ ವಿಜ್ಞಾನಕ್ಕೆ ಹೇಳಿದ್ದು. ನಮ್ಮ ದೇಶದಲ್ಲಿ ಅನುಮತಿ ಇಲ್ಲದವರು ಪೊಲೀಸ್ ವೈರ್‌ಲೆಸ್ ಕದ್ದು ಕೇಳುವ ಹಾಗಿಲ್ಲ. ಅಲ್ಲದೆ ಬಹಳ ಕಡೆ ಪೊಲೀಸರು ಡಿಜಿಟಲ್ ಸೆಟ್ಟಿಗೆ ಹೋಗಿದ್ದಾರೆ, ಗೂಢಲಿಪಿ ಹಾಕಿದ ಮಾತು ಎಂಥ ಆಂಟೆನಾ ಹಾಕಿದರೂ ಬಿಚ್ಚಿಕೊಳ್ಳಲ್ಲ. ಆಸೆ ಇದ್ದವರಿಗೆ ಹ್ಯಾಮ್ ರೇಡಿಯೋ ಇದೆ. 12 ವರ್ಷ ತುಂಬಿದವರು ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. 144ರಿಂದ 146 ಮೆಗಾಹರ್ಟ್ಸಿನಲ್ಲಿ ಹ್ಯಾಮ್‌ಗಳು ಇದೇ ಎಫ್.ಎಂ.ನಲ್ಲಿ ಮಾತಾಡ್ತಾರೆ.

ಇನ್ನು ದುಃಖದ ಭಾಗ. 1912ರ ಶೋಧ ಯಾರದು ಅಂತ ಡಿ ಫಾರೆಸ್ಟ್ ಜೊತೆ ನಡೆದ ವ್ಯಾಜ್ಯ ಇಪ್ಪತ್ತು ವರ್ಷ ಎಳೆಯಿತು. 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡಿ ಫಾರೆಸ್ಟ್ ಪರ ತೀರ್ಪು ಕೊಟ್ಟಿತು. ವಾಲ್ವು ಹೇಗೆ ನಡೆಯುತ್ತೆ ಅಂತ ಬಲ್ಲ ಎಂಜಿನಿಯರುಗಳು ತೀರ್ಪು ಕೇಳಿ ತಲೆ ಚಚ್ಚಿಕೊಂಡರು. ಆರ್ಮ್‌ಸ್ಟ್ರಾಂಗ್ ಆ ಶೋಧಕ್ಕೆ ಹಿಂದೆ ಸಿಕ್ಕಿದ್ದ ಗೌರವ ಪದಕವನ್ನು ಎಂಜಿನಿಯರುಗಳ ಸಂಸ್ಥೆಗೆ ಹಿಂದಿರುಗಿಸಲು ಹೋದರು. ಸಂಸ್ಥೆ ತೆಗೆದುಕೊಳ್ಳಲಿಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೋರ್ಟಿನಲ್ಲಿ ಸೋತು ತಿಳಿದವರ ಮುಂದೆ ಗೆದ್ದದ್ದು ಅಂದರೆ ಇದೇ.

ಆಮೇಲೆ ಹಡ್ಸನ್ ನದಿ ದಂಡೆಯ ಆಲ್ಪೈನ್ ಎಂಬ ಎತ್ತರದ ಜಾಗದಲ್ಲಿ ಸ್ವಂತ ಹಣದಿಂದ 400 ಅಡಿಗೂ ಮಿಕ್ಕ ಗೋಪುರ ಕಟ್ಟಿಸಿ ಎಫ್.ಎಂ. ಸ್ಟೇಷನ್ ನಡೆಸಿದರು. ಜನ ಸೆಟ್ಟು ಕೊಂಡರು. 1945ರಲ್ಲಿ ಸರ್ಕಾರ ಎಫ್.ಎಂ.ನ ಜಾಗವನ್ನೇ ಬದಲಿಸಿ 88ರಿಂದ 108 ಮೆಗಾಹರ್ಟ್ಸಿಗೆ ಕಳಿಸಿತು. ನಮ್ಮ ರೇಡಿಯೋದಲ್ಲಿ ಇವತ್ತೂ ಇರುವುದು ಅದೇ ಅಂಕಿ. ಆದರೆ ಅದಕ್ಕೆ ಮೊದಲು ಕೊಂಡ ಲಕ್ಷಾಂತರ ಸೆಟ್ಟುಗಳು ಒಂದೇ ಏಟಿಗೆ ಕೆಲಸಕ್ಕೆ ಬಾರದೆ ಹೋದವು. ಆರ್.ಸಿ.ಎ. ಎಫ್.ಎಂ. ಉಪಾಯ ಬಳಸಿಯೂ ಪೇಟೆಂಟಿನ ಹಣ ಕೊಡಲಿಲ್ಲ. ಒಟ್ಟು 10 ಲಕ್ಷ ಡಾಲರ್ ಕೊಡುತ್ತೇವೆ ಅಂದಾಗ ಇವರು ಒಪ್ಪಿರಲಿಲ್ಲ. ಬೇರೆ ಕಂಪನಿಗಳು ಸೆಟ್ಟಿಗೆ ಇಷ್ಟು ಅಂತ ಕೊಡುತ್ತಿರುವಾಗ ಒಬ್ಬರಿಗೆ ಮಾತ್ರ ಬೇರೆ ಲೆಕ್ಕ ಯಾಕೆ ಅನ್ನೋದು ಇವರ ನ್ಯಾಯ. 1948ರಲ್ಲಿ ಹಳೇ ಗೆಳೆಯನ ಕಂಪನಿ ಮೇಲೇ ದಾವೆ ಹೂಡಿದರು. ಆ ಕಡೆ ವಕೀಲರ ದಂಡು. ಒಂದೇ ವಿಷಯಕ್ಕೆ ವರ್ಷಗಟ್ಟಲೆ ಪ್ರಶ್ನೆ. 1950ರ ಕೊನೆಗೆ ಪೇಟೆಂಟಿನ ಅವಧಿಯೂ ಮುಗಿಯಿತು.

ದುಡ್ಡು ಕರಗಿತು, ಮೈಯೂ ಸೋತಿತು. 1953ರ ಕೊನೆಯಲ್ಲಿ ಹಣದ ಮಾತಿಗೆ ಮನೆಯಲ್ಲಿ ಜಗಳವಾಗಿ ಸಿಟ್ಟಿನಲ್ಲಿ ಹೆಂಡತಿಯ ಮೇಲೆ ಕೈ ಮಾಡಿದರು. ಮೇರಿಯನ್ ತಮ್ಮ ಸೋದರಿಯ ಮನೆಗೆ ಹೋದರು. ಇದನ್ನು ಬಿಟ್ಟು ಬರೆದರೆ ಜೀವನ ಚರಿತ್ರೆ ಆಗೋದಿಲ್ಲ, ಅದಕ್ಕೆ ಬರೆದಿದ್ದೇನೆ. 1954ರ ಜನವರಿ 31ರ ರಾತ್ರಿ ಆರ್ಮ್‌ಸ್ಟ್ರಾಂಗ್ ಹೆಂಡತಿಗೆ ಕ್ಷಮೆ ಕೇಳಿ ಚೀಟಿ ಬರೆದಿಟ್ಟು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. 63 ವರ್ಷ. ಆ ಮನೆಯಲ್ಲಿ ಅವತ್ತು ಜೊತೆಗೆ ಇನ್ನೊಬ್ಬರು ಇದ್ದಿದ್ದರೆ ಅಂತ ಓದುವಾಗ ಅನ್ನಿಸದೆ ಇರಲ್ಲ.

ಮೇರಿಯನ್ ಸುಮ್ಮನೆ ಕೂರಲಿಲ್ಲ. ಆರ್.ಸಿ.ಎ. ಜೊತೆ ಅದೇ ವರ್ಷದ ಕೊನೆಗೆ ರಾಜಿಯಾಯಿತು, ಸಿಕ್ಕಿದ್ದು ಸುಮಾರು 10 ಲಕ್ಷ ಡಾಲರ್. ಉಳಿದ ಕಂಪನಿಗಳ ಮೇಲಿನ ಮೊಕದ್ದಮೆಗಳನ್ನು ಒಂದೊಂದಾಗಿ ನಡೆಸಿದರು. ಕೊನೆಯದು ಪೊಲೀಸ್ ಸೆಟ್ಟುಗಳಿಗೆ ಹೆಸರಾದ ಮೊಟೊರೊಲಾ ಮೇಲಿನದು, 1967ರಲ್ಲಿ ಅದೂ ಗೆದ್ದಿತು. ಗಂಡ ಸತ್ತು ಹದಿಮೂರು ವರ್ಷ ಆಗಿತ್ತು.

ಆಲ್ಪೈನಿನ ಗೋಪುರ ಬೀಳಲಿಲ್ಲ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಜೋಡಿ ಕಟ್ಟಡಗಳು ಉರುಳಿ ಅವುಗಳ ಮೇಲಿದ್ದ ಆಂಟೆನಾಗಳೂ ಹೋದಾಗ, ಅಲ್ಲಿನ ಟೆಲಿವಿಷನ್ ಸ್ಟೇಷನ್ನುಗಳು ಬಂದು ತಮ್ಮ ಆಂಟೆನಾ ಕಟ್ಟಿದ್ದು ಆರ್ಮ್‌ಸ್ಟ್ರಾಂಗ್ ನಿಲ್ಲಿಸಿದ್ದ ಆ ಕಂಬಕ್ಕೆ.